ಕರೇಲಕ್ಕೆಷ್ಟು, ಗಂಗಾಳಕ್ಕೆಷ್ಟು?

ಪಂಚಮಿ ಮುಗಿದ ಮರುವಾರ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಹಬ್ಬದಲ್ಲಿ ಗುಂಡು ಎತ್ತಿದವರನ್ನೂ ಉಸುಕಿನ ಚೀಲ ಹೊತ್ತವರನ್ನೂ ಕಂಡ ಹುಡುಗ ಮನೆಗೆ ಬಂದು, ಕೈಯಲ್ಲಿ ಹಿಡಿದು ತಿರುವುವ ಕಟ್ಟಿಗೆಯ ಕರೇಲ ನನಗೂ ಒಂದು ಜೋಡಿ ಬೇಕೆಂದು ಹಟ ಹಿಡಿದಿರುತ್ತಾನೆ. ಈ ಸಲ ರಾಮದುರ್ಗ ತಾಲ್ಲೂಕಿನ ರೈತರೊಬ್ಬರು ಬರೆದಿದ್ದಾರೆ. ಮಗ ಪಿಯುಸಿ ಮೊದಲ ವರ್ಷದಲ್ಲಿದ್ದಾನೆ, ಕೈಯಲ್ಲಿ ಎರಡು ಸಾವಿರ ರೂಪಾಯಿ ಇದೆ, ಇದರಲ್ಲಿ ಕರೇಲ ಬಂದು ಗದೆಯೂ ಬಂದೀತೇ ಎಂಬುದು ಅವರ ಪ್ರಶ್ನೆ. ಈ ವಾರದ ಬರಹ ಅವರಿಗೇ ಮೀಸಲು.

ಮೊದಲು ತೂಕದ ಮಾತು. 'ಭಾರ ಇದ್ದಷ್ಟೂ ಬಲ' ಎನ್ನುವವರ ಜತೆ ನನ್ನ ಜಗಳ ಹಳೆಯದು, ಓದುಗರಿಗೆ ಗೊತ್ತಿರುವುದೇ. ಜಾತ್ರೆಯಲ್ಲಿ ಗುಂಡನ್ನು ಒಮ್ಮೆ ಎತ್ತಿ ಒಗೆದರೆ ಮುಗಿಯಿತು. ಕರೇಲ ಹಾಗಲ್ಲ, ದಿನವೂ ನೂರಾರು ಸುತ್ತು ತಿರುವಬೇಕು. ಅಲ್ಲಿ ತೂಕ ಎಷ್ಟಿದೆ ಎನ್ನುವುದಕ್ಕಿಂತ, ಅದು ಕೈಯಿಂದ ಎಷ್ಟು ದೂರದಲ್ಲಿದೆ ಎನ್ನುವುದು ಮುಖ್ಯ. ಎರಡು ಕಿಲೋ ಭಾರ ಒಂದಡಿ ದೂರದಲ್ಲಿದ್ದಾಗ ಮಣಿಕಟ್ಟಿನ ಮೇಲೆ ಬೀಳುವ ಹೊರೆ, ಅದೇ ಭಾರ ಎರಡಡಿ ದೂರ ಹೋದರೆ ಇಮ್ಮಡಿಯಾಗುತ್ತದೆ. ತಿರುವಲು ಹೊರಟರೆ ಅದರ ಜಡತ್ವ ನಾಲ್ಮಡಿ. ಹಾಗಾಗಿ ಸಣ್ಣದಾಗಿ ಕಾಣುವ ಉದ್ದನೆಯ ಕರೇಲ, ದಪ್ಪಗಿನ ಗಿಡ್ಡ ಕರೇಲಕ್ಕಿಂತ ಹೆಚ್ಚು ಕೆಲಸ ತೆಗೆಯುತ್ತದೆ. ಹೊಸಬನಿಗೆ ಒಂದೊಂದೂ ಎರಡು ಕಿಲೋ ಇದ್ದರೆ ಸಾಕು. ಮೊಣಕೈ ಪಕ್ಕೆಲುಬಿಗೆ ತಾಗಿಸಿ, ಕರೇಲವನ್ನು ನೆಟ್ಟಗೆ ನಿಲ್ಲಿಸಿ, ನಿಧಾನ ಹತ್ತು ಎಣಿಸಲಿ. ಆಮೇಲೆ ಬೆನ್ನ ಹಿಂದೆ ಇಳಿಬಿಟ್ಟು, ನಡು ಬಾಗಿಸದೆ ಮೇಲೆ ತರಲಿ. ಕೈ ನಡುಗಿದರೆ, ನಡು ಮುಂದೆ ಬಂದರೆ, ಅದು ಅವನ ಕರೇಲ ಅಲ್ಲ.

ಜಿಮ್ಮಿನ ಯಂತ್ರಗಳೂ ಈ ಕೆಲಸ ಮಾಡುತ್ತವಲ್ಲ ಎಂದು ಕೇಳುವವರಿದ್ದಾರೆ. ಮಾಡುವುದಿಲ್ಲ. ಯಂತ್ರದಲ್ಲಿ ಭಾರ ಹೋಗುವ ದಾರಿ ಮೊದಲೇ ಕಟ್ಟಿಟ್ಟದ್ದು, ಭುಜ ಅದನ್ನು ತಳ್ಳುತ್ತದೆ ಅಷ್ಟೇ. ಕರೇಲದ ದಾರಿಯನ್ನು ಭುಜವೇ ಪ್ರತಿ ಸುತ್ತಿಗೂ ಹೊಸದಾಗಿ ಕಂಡುಕೊಳ್ಳಬೇಕು. ಕುಸ್ತಿ ಕಣದಲ್ಲಿ ಎದುರಾಳಿ ಯಾವ ದಿಕ್ಕಿಗೆ ಎಳೆದಾನೆಂದು ಮೊದಲೇ ಹೇಳುತ್ತಾನೆಯೇ?

ಇನ್ನು ಕಟ್ಟಿಗೆ. ನಮ್ಮ ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲದ ಬದುವಿನಲ್ಲಿ ಬೆಳೆಯುವ ಕರಿಜಾಲಿಗಿಂತ ಒಳ್ಳೆಯದನ್ನು ದುಡ್ಡು ಕೊಟ್ಟು ಹುಡುಕಬೇಕಿಲ್ಲ. ರೆಂಟೆ, ಕುಂಟೆ, ಚಕ್ಕಡಿ ಎಲ್ಲಕ್ಕೂ ನಮ್ಮ ಹಿರಿಯರು ನೆಚ್ಚಿದ್ದು ಅದನ್ನೇ. ಹಸಿ ಕಟ್ಟಿಗೆ ಬೇಡ, ಒಣಗುತ್ತ ಸೀಳುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಹಿತ್ತಲಲ್ಲಿ ಮೂಲೆ ಸೇರಿದ ಹಳೆ ಚಕ್ಕಡಿ ಎಷ್ಟೋ ಮನೆಗಳಲ್ಲಿವೆ. ಹತ್ತಾರು ವರ್ಷ ಬಿಸಿಲು ಉಂಡು ಒಣಗಿದ ಆ ತೊಲೆಯಷ್ಟು ನಂಬಿಗಸ್ತ ಕಟ್ಟಿಗೆ ಯಾವ ಅಂಗಡಿಯಲ್ಲೂ ಸಿಗದು. ಮೊಳೆ ಉಳಿದಿಲ್ಲ ಎಂದು ನೋಡಿಕೊಂಡು ಬಡಿಗೇರರ ಕೈಗೆ ಕೊಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಇಪ್ಪತ್ತರ ವಯಸ್ಸಿನಲ್ಲಿ, ದೊಡ್ಡ ಊರಿನ ಒಂದು ಅಂಗಡಿಯಿಂದ ಕನ್ನಡಿಯಂತೆ ಹೊಳೆಯುವ ಜೋಡಿ ತಂದಿದ್ದೆ. ಮೂರನೆಯ ತಿಂಗಳು, ಬೆಳಗಿನ ಜಾವ ತಿರುವುತ್ತಿದ್ದಾಗ ಎಡಗೈಯದು ಕತ್ತಿನಲ್ಲಿ ಮುರಿದು ಗೋಡೆಗೆ ಬಡಿಯಿತು. ಕೈಯಲ್ಲಿ ಹಿಡಿ ಮಾತ್ರ ಉಳಿಯಿತು. ಆ ತುಂಡನ್ನು ಒಯ್ದು ನಮ್ಮೂರ ಬಡಿಗೇರ ಕಾಕಾಗೆ ತೋರಿಸಿದೆ. ಅವರು ಉಗುರಿನಿಂದ ವಾರ್ನಿಷ್ ಕೆರೆದರು. ಕೆಳಗೆ ಹುಣಸೆಬೀಜದಷ್ಟು ಕಪ್ಪು ಗಂಟು. ಎಳೆಗಳು ಅದನ್ನು ಬಳಸಿ ಅಡ್ಡ ಹರಿದಿದ್ದವು. "ತಮ್ಮಾ, ಬಣ್ಣಾ ನೋಡಬ್ಯಾಡ, ಎಳಿ ನೋಡು. ಹಿಡಿಯಿಂದ ಹೊಟ್ಟೀತನಕ ಎಳಿ ನೆಟ್ಟಗ ಹರದಿರಬೇಕು" ಅಂದರು. ಹಿಡಿಯ ಮೇಲೆ ಬಣ್ಣ ಬೇಡವೇ ಬೇಡ, ಬೆವರಿಗೆ ಜಾರುತ್ತದೆ. ವರ್ಷಕ್ಕೆರಡು ಸಲ ಅಗಸಿ ಎಣ್ಣೆ ತಿಕ್ಕಿದರೆ ಸಾಕು.

ಜೋಡಿ ಸಿದ್ಧವಾದ ಮೇಲೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ತೂಗಿಸಿ. ತೂಕ ಒಂದೇ ಬಂದರೂ ಸಮಾಧಾನ ಪಡಬೇಡಿ. ಒಂದೊಂದನ್ನೂ ಬೆರಳಿನ ಮೇಲೆ ಅಡ್ಡ ಇಟ್ಟು, ಎಲ್ಲಿ ಸಮ ನಿಲ್ಲುತ್ತದೆಯೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಎರಡೂ ಗೆರೆಗಳು ಹಿಡಿಯಿಂದ ಒಂದೇ ಅಳತೆಯಲ್ಲಿರಬೇಕು. ಬೆರಳಗಲ ಹೆಚ್ಚುಕಡಿಮೆ ಇದ್ದರೆ ಬಲಭುಜ ಒಂದು ಪಾಠ ಕಲಿಯುತ್ತದೆ, ಎಡಭುಜ ಇನ್ನೊಂದು. ಹಿಡಿ ಎಷ್ಟು ದಪ್ಪ ಇರಬೇಕೆಂದರೆ, ಹೆಬ್ಬೆರಳಿಗೆ ನಡುಬೆರಳು ಮುಟ್ಟಬೇಕು. ಅದಕ್ಕೇ ಹುಡುಗನನ್ನು ಕರೆದುಕೊಂಡೇ ಬಡಿಗೇರರ ಹತ್ತಿರ ಹೋಗಿ ಎನ್ನುವುದು. ಅಂಗಿ ಹೊಲಿಸಲು ಅಳತೆ ಕೊಡುವವರು ಕರೇಲಕ್ಕೆ ಯಾಕೆ ಕೊಡಬಾರದು?

  ಈ ಕರೇಲವನ್ನು ಬ್ರಿಟಿಷರು ನಮ್ಮಿಂದ ತಮ್ಮ ನಾಡಿಗೆ ಒಯ್ದರು. ಅಲ್ಲಿ ಅದಕ್ಕೆ 'ಇಂಡಿಯನ್ ಕ್ಲಬ್' ಎಂಬ ಹೆಸರಾಯಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಕರೇಲ ತಿರುವುವ ಸ್ಪರ್ಧೆಯೇ ಇತ್ತು. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದವನು ಅಮೆರಿಕದ ಜಾರ್ಜ್ ರಾತ್. ಆರ್ಥಿಕ ಕುಸಿತದ ಕಾಲ, ಅವನಿಗೆ ಕೆಲಸವಿರಲಿಲ್ಲ. ಪದಕ ಪಡೆದವನು ದಾರಿಯಲ್ಲಿ ಹೋಗುವ ವಾಹನಕ್ಕೆ ಕೈಮಾಡಿ ಮನೆ ಸೇರಿದನೆಂದು ಹೇಳುತ್ತಾರೆ. ದುಡ್ಡಿಲ್ಲದವನೂ ಜಗತ್ತಿನಲ್ಲಿ ಮೊದಲಿಗನಾಗಬಹುದಾದ ವಿದ್ಯೆ ಇದು.

ಗದೆಯ ಬಗ್ಗೆ ಬರೆಯಲೆಂದು ಇಲ್ಲಿಗೆ ಬಂದು, ಎಂದಿನಂತೆ 'ಮಾನಸೋಲ್ಲಾಸ' ತೆರೆದೆ. ತೆರೆದ ಮೇಲೆ ಗದೆ ಹಿಂದೆ ಸರಿಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ಗ್ರಂಥ ಅದು. ಆಗ ನಮ್ಮ ಸವದತ್ತಿಯನ್ನು ಆಳುತ್ತಿದ್ದ ರಟ್ಟರು ಅದೇ ಚಾಲುಕ್ಯರ ಸಾಮಂತರು. ಆ ಗ್ರಂಥದ ವಿನೋದ ವಿಂಶತಿಯೆಂಬ ಭಾಗದಲ್ಲಿ ಮಲ್ಲವಿನೋದವೆಂಬ ಅಧ್ಯಾಯವಿದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುವ ಕ್ರಮ ಅಲ್ಲಿದೆ. ಅವರ ಕಸರತ್ತುಗಳನ್ನೂ ದೊರೆ ಹೆಸರಿಸುತ್ತಾನೆ. ಉಸುಕು ತುಂಬಿದ ಚೀಲದ ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವ ಶ್ರಮ, ಕಂಬ ಅಪ್ಪಿ ಮಾಡುವ ಸ್ತಂಭಶ್ರಮ.

ಈ ಪಟ್ಟಿಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ರೈತರ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಬೇರೆಯೇ ಕಂಡಿತು. ಉಸುಕು, ದಾರಿ, ನೀರು, ಗೆಳೆಯನ ತೋಳು, ಒಂದು ಕಂಬ. ಇವುಗಳಲ್ಲಿ ಯಾವುದಕ್ಕೆ ದುಡ್ಡು ಬೇಕು? ಬೊಕ್ಕಸವಿದ್ದ ದೊರೆ ಬೇಕೆಂದರೆ ಬೆಳ್ಳಿಯ ಗದೆ ಮಾಡಿಸಿಕೊಡಬಹುದಿತ್ತು. ಅವನು ರಾಜನ ಹೊಣೆ ಎಂದು ಬರೆದದ್ದು ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿ ತಿನಿಸು ಒದಗಿಸುವುದನ್ನು. ಕಸರತ್ತು ಮಲ್ಲನದು, ಗಂಗಾಳ ದೊರೆಯದು.

ನಮ್ಮಲ್ಲಿ ಈಗ ಇದು ತಿರುಗುಮುರುಗಾಗಿದೆ. ಕಬ್ಬಿಣದ ಗದೆ, ಬಣ್ಣದ ಪಟ್ಟಿ, ಡಬ್ಬಿಯ ಪುಡಿಗೆ ದುಡ್ಡು ಸುರಿದು, ಹಾಲಿನವನಿಗೆ ಅರ್ಧ ಲೀಟರ್ ಕಡಿಮೆ ಮಾಡಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಅಕ್ಟೋಬರದಲ್ಲಿ ಕಿತ್ತೂರು ಉತ್ಸವದ ಕುಸ್ತಿ ನೋಡಲು ಹೋದಾಗ, ಸೋತು ಹೊರಬಂದ ಒಬ್ಬ ಹುಡುಗ ನನ್ನ ಪಕ್ಕದಲ್ಲಿ ಕೂತ. ಪಟ್ಟುಗಳೆಲ್ಲ ಸರಿ ಇದ್ದವು, ಐದನೆಯ ನಿಮಿಷಕ್ಕೆ ಉಸಿರು ಮುಗಿದಿತ್ತು. ಬೆಳಿಗ್ಗೆ ಏನು ಉಂಡು ಬಂದೆ ಎಂದು ಕೇಳಿದರೆ, "ಚಾ ಕುಡದ ಬಂದೇನ್ರೀ ಕಾಕಾ" ಅಂದ.

ಹಾಗಾಗಿ ರಾಮದುರ್ಗದ ಅಣ್ಣಾವರೇ, ಲೆಕ್ಕ ಹೀಗೆ ಮಾಡಿ. ಗದೆ ಈ ವರ್ಷ ಬೇಡ, ಭುಜ ತಯಾರಾದ ಮೇಲೆ ನೋಡೋಣ. ಕಟ್ಟಿಗೆ ನಿಮ್ಮ ಹಿತ್ತಲಿನದೇ ಇರಲಿ, ಬಡಿಗೇರರ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಮಲಪ್ರಭೆ ನಿಮ್ಮೂರ ಹತ್ತಿರವೇ ಹರಿಯುತ್ತಾಳೆ, ಉಸುಕಿಗೆ ಕೊರತೆಯಿಲ್ಲ. ಎರಡು ಗೊಬ್ಬರದ ಚೀಲ ಒಂದರೊಳಗೊಂದು ಹಾಕಿ, ಅರ್ಧ ಚೀಲ ಉಸುಕು ತುಂಬಿ ಬಾಯಿ ಹೊಲಿದರೆ ಸೋಮೇಶ್ವರನ ಭಾರಶ್ರಮ ನಿಮ್ಮ ಅಂಗಳಕ್ಕೆ ಬಂತು. ಉಳಿದ ದುಡ್ಡನ್ನು ಹಾಲಿನವರಿಗೆ ಮುಂಗಡ ಕೊಟ್ಟುಬಿಡಿ. ರಾತ್ರಿ ನೆನೆಸಿದ ಕಡಲೆ, ಒಂದು ಹಿಡಿ ಶೇಂಗಾ, ಬಿಸಿ ರೊಟ್ಟಿ, ಹಾಲು ಅವನ ಮುಂದಿರಲಿ.

ಬೆಳಿಗ್ಗೆ ಅವನು ಕರೇಲ ತಿರುವಿ ಬೆವರು ಒರೆಸಿಕೊಂಡು ಬಂದಾಗ ಗಂಗಾಳ ತುಂಬಿರಲಿ. ಆ ಮನೆಯ ದೊರೆ ನೀವೇ.