ಸೀರೆಯ ಮೇಲಣ ತೇರು

ಉಡುಗೆಯು ಪರಿಸರದ ಕನ್ನಡಿ ಎಂದು ಹೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇಳಕಲ್ ಸೀರೆಯ ಪ್ರಸ್ತಾಪ ಬಂದಾಗಲಂತೂ ಈ ಮಾತು ತಪ್ಪುವುದಿಲ್ಲ: ಎರೆಮಣ್ಣಿನ ನಾಡು, ಆದ್ದರಿಂದ ಕಪ್ಪು ಸೀರೆ! ಇಷ್ಟು ಅಗ್ಗದ ವಿಮರ್ಶೆಯನ್ನು ನಾನು ಒಪ್ಪಲಾರೆ. ಎರೆಭೂಮಿಯವರೆಲ್ಲ ಕಪ್ಪನ್ನೇ ಉಟ್ಟವರಲ್ಲ. ಆ ಸೀರೆಯ ಸೆರಗೇ ಕೆಂಪು. ಕನ್ನಡಿಯಾದರೆ ಎದುರಿಗೆ ಬಂದುದನ್ನೆಲ್ಲ ತೋರಿಸಬೇಕು. ಉಡುಗೆ ಹಾಗೆ ತೋರಿಸುವುದಿಲ್ಲ, ಆರಿಸಿಕೊಳ್ಳುತ್ತದೆ.

ಧಾರವಾಡದ ಕಡೆಯ ಕಸೂತಿಯನ್ನು ನೋಡಿ. ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯ ಆನೆ, ತುಳಸಿಕಟ್ಟೆ, ತೊಟ್ಟಿಲು, ಗಿಳಿ, ನವಿಲು, ಕಮಲ. ಇವನ್ನು ಹೊಲಿದ ಹೆಣ್ಣುಮಗಳ ಕಣ್ಣಿಗೆ ದಿನವೂ ಬೀಳುತ್ತಿದ್ದವು ಇವೆಯೇ? ಬೀಸುವ ಕಲ್ಲು, ಒಲೆ, ಸಗಣಿಯ ಬುಟ್ಟಿ, ಕೊಡ ಹೊತ್ತು ನಡೆದ ಕೆರೆಯ ದಾರಿ, ಇವು ಅವಳ ನಿತ್ಯದ ನೋಟ. ನಾನು ಕಂಡ ಸೀರೆಗಳಲ್ಲಿ ಬೀಸುವ ಕಲ್ಲು ಎಲ್ಲಿಯೂ ಇಲ್ಲ. ವರ್ಷಕ್ಕೊಮ್ಮೆ ಎಳೆಯುವ ತೇರು ಮಾತ್ರ ಮತ್ತೆ ಮತ್ತೆ ಬಂದಿದೆ. ಕಂಡದ್ದೆಲ್ಲ ಸೀರೆಗೆ ಬರಲಿಲ್ಲ, ಕಣ್ತುಂಬ ಕಂಡದ್ದು ಬಂತು. ಇಳಕಲ್ಲಿನ ಸೆರಗಿನಲ್ಲಿ ಹಣಿಗೆ, ಕೋಟೆಯ ತೆನೆಗಳ ಜೊತೆಗೆ ಜೋಳದ ತೆನೆಯೂ ಇದೆಯಲ್ಲ, ಅದು ದುಡಿಮೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಕಳೆ ಕೀಳುವುದು ದುಡಿಮೆ. ತೆನೆ ತುಂಬಿ ನಿಂತ ಹೊಲದ ಬದುವಿನಲ್ಲಿ ನಿಲ್ಲುವುದು ಬೇರೆ.

ಹಾಗೆ ಕಂಡದ್ದು ಬಟ್ಟೆಗೆ ಇಳಿಯುವ ಹಾದಿಯೂ ಸುಲಭದ್ದಲ್ಲ. ಕಸೂತಿಗೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು, ಗಂಟು ಹಾಕಬಾರದು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆ ನಾಲ್ಕು. ಮೊದಲೆರಡರಲ್ಲಿ ಬಟ್ಟೆಯ ಎರಡು ಮಗ್ಗುಲೂ ಒಂದೇ ತೆರನಾಗಿ ಕಾಣುತ್ತವೆ. (ಎಣಿಸುವ ಕಣ್ಣಿಗೆ ಕಪ್ಪು ಬಟ್ಟೆ ಎಂಥ ಶಿಕ್ಷೆ! ಮದುವೆಯ ಚಂದ್ರಕಾಳಿ ಸೀರೆ ಕಪ್ಪೇ ಆಗಬೇಕು. ಬಣ್ಣದ ಎಳೆ ಎದ್ದು ಕಾಣುವುದು ಅದರ ಮೇಲೆಯೇ.) ಗೋಪುರ ಮೊದಲೇ ಮೆಟ್ಟಿಲುಮೆಟ್ಟಿಲಾದದ್ದು, ಸೂಜಿಗೆ ಬೇಗ ಒಲಿಯುತ್ತದೆ. ನವಿಲಿನ ಕೊರಳು ಮಾತ್ರ ನೇರ ತುಣುಕುಗಳಲ್ಲಿಯೇ ಬಾಗಬೇಕು. ಅಷ್ಟು ಮುರಿದರೂ ಅದು ನವಿಲಾಗಿಯೇ ಉಳಿಯಿತೆಂದರೆ, ಹೊಲಿದವಳು ನವಿಲನ್ನು ಎಷ್ಟು ಹೊತ್ತು ನೋಡಿರಬೇಕು!

ಈಗ ಕಸೂತಿಯ ಚಿತ್ತಾರ ಅಚ್ಚಿನಲ್ಲಿಯೂ ದೊರೆಯುತ್ತದೆ, ಯಂತ್ರದ ಹೊಲಿಗೆಯಲ್ಲಿಯೂ ದೊರೆಯುತ್ತದೆ. ಕಡಿಮೆ ಹಣಕ್ಕೆ ಕೊಂಡು ಉಡುವವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆ ತೇರು ತೇರನ್ನು ನೋಡಿ ಬಂದದ್ದಲ್ಲ, ಇನ್ನೊಂದು ಸೀರೆಯನ್ನು ನೋಡಿ ಬಂದದ್ದು. ಕೈಹೊಲಿಗೆಯಲ್ಲಿಯೂ ಇದೇ ಆಗುತ್ತಿದೆ ಎಂಬುದು ನನ್ನ ನಿಜವಾದ ತಕರಾರು. ಸಂಪ್ರದಾಯದ ಹೆಸರಿನಲ್ಲಿ ಹಳೆಯ ಪಟ್ಟಿಯನ್ನೇ ಹೊಲಿಸುತ್ತೇವೆ. ಹೊಲಿಯುವವಳು ಈಗ ಏನನ್ನು ಕಂಡು ಹಿಗ್ಗುತ್ತಾಳೆಂದು ಕೇಳುವುದಿಲ್ಲ. ಹುಬ್ಬಳ್ಳಿಯಲ್ಲಿ 2023ರಲ್ಲಿ 1,507 ಮೀಟರು ಉದ್ದದ ಪ್ಲಾಟ್‌ಫಾರಂ ಉದ್ಘಾಟನೆಯಾಯಿತು. ಅಲ್ಲಿ ಮಗುವನ್ನು ಎತ್ತಿಕೊಂಡು ರೈಲು ತೋರಿಸುವ ತಾಯಿಯ ಮುಖದಲ್ಲಿ ಜಾತ್ರೆಯ ಬೆಳಕೇ ಇರುತ್ತದೆ. ಸಾಲು ಡಬ್ಬಿ, ಸಾಲು ಕಿಟಕಿ: ಎಳೆ ಎಣಿಸುವ ಸೂಜಿಗೆ ನವಿಲಿಗಿಂತ ಎಷ್ಟೋ ಸುಲಭ. ಹೊಲಿದು ತಂದರೆ ಗಿರಾಕಿಗಳಾದ ನಾವೇ ‘ಇದು ಕಸೂತಿಯಲ್ಲ’ ಎಂದು ಹಿಂದಿರುಗಿಸುತ್ತೇವೆ. ಮೊದಲ ಸಲ ತೇರನ್ನು ಹೊಲಿದವಳಿಗೂ ಯಾರಾದರೂ ಹಾಗೆ ಅಂದಿದ್ದರೋ ಏನೋ.