ಹರಿಕೇನ್ ತಿಂಗಳಲ್ಲಿ ಮನೆ ಕಾಯೋರು

ಗೆಳತಿಯೊಬ್ಬಳು ಜಾಹೀರಾತೊಂದನ್ನು ಕಳಿಸಿದ್ದಳು. ಅಮೆರಿಕದ ಫ್ಲಾರಿಡಾ ತುದಿಯಲ್ಲಿರುವ ಕೀಸ್ ದ್ವೀಪಗಳಲ್ಲಿ ಒಂದು ಮನೆ, ಈಜುಕೊಳ, ಎರಡು ಬೆಕ್ಕು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮನೆ ನೋಡ್ಕೊಂಡ್ರೆ ಬಾಡಿಗೆ ಇಲ್ಲ. "ಇನ್ನೇನು ಬೇಕೇ?" ಅಂತ ಕೆಳಗೆ ಅವಳದೇ ಸಾಲು. ತಿಂಗಳುಗಳನ್ನು ನೋಡಿ ನಗು ಬಂತು. ಅಟ್ಲಾಂಟಿಕ್‌ನ ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ತಾರಕ ಸೆಪ್ಟೆಂಬರ್ 10ರ ಆಸುಪಾಸು. ಮಾಲೀಕರು ಊರು ಬಿಡೋದೇ ಆಗ. ಅಪ್ಲೈ ಮಾಡೋ ಮುಂಚೆ 'ಕೀ ಲಾರ್ಗೊ' ನೋಡು ಅಂದೆ. ಹೇಳಿದ ಮೇಲೆ ನಾನೂ ಮತ್ತೊಮ್ಮೆ ನೋಡಿದೆ.

ಜಾನ್ ಹ್ಯೂಸ್ಟನ್‌ನ ಈ ಚಿತ್ರ 1948ರದ್ದು. ಕೀಸ್‌ನ ಒಂದು ಹೋಟೆಲು, ಟೂರಿಸ್ಟುಗಳಿಲ್ಲದ ಸೀಸನ್. ಯುದ್ಧದಲ್ಲಿ ಸತ್ತ ಗೆಳೆಯನ ಅಪ್ಪನನ್ನೂ ಹೆಂಡತಿಯನ್ನೂ ಕಂಡು ಹೋಗೋಣ ಅಂತ ಮಾಜಿ ಸೈನಿಕ ಫ್ರಾಂಕ್ (ಹಂಫ್ರಿ ಬೊಗಾರ್ಟ್) ಬರುತ್ತಾನೆ. ನೋಡಿದರೆ ಇಡೀ ಹೋಟೆಲನ್ನು ಜಾನಿ ರಾಕೊ ಅನ್ನೋ ಗ್ಯಾಂಗ್‌ಸ್ಟರ್ ಹಿಡ್ಕೊಂಡು ಕೂತಿದ್ದಾನೆ. ಹೊರಗೆ ಬಿರುಗಾಳಿ ಹತ್ತಿರವಾಗ್ತಿದೆ. ರಾಕೊ ಪಾತ್ರದ ಎಡ್ವರ್ಡ್ ಜಿ. ರಾಬಿನ್ಸನ್ ಸ್ನಾನದ ತೊಟ್ಟಿಯಲ್ಲಿ ಸಿಗಾರ್ ಸೇದುವ ದೃಶ್ಯವನ್ನು ಎಲ್ಲರೂ ಹೊಗಳ್ತಾರೆ. ಕ್ಲೇರ್ ಟ್ರೆವರ್‌ಗೆ ಆಸ್ಕರ್ ಬಂತು, ಸರಿಯಾಗೇ ಬಂತು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬಿರುಗಾಳಿಯ ರಾತ್ರಿ.

ಗಾಳಿ ಜೋರಾದಂತೆ ರಾಕೊ ಬೆವರ್ತಾನೆ. ಬಂದೂಕಿಗೆ ಹೆದರದ ಒಂದು ವಸ್ತು ಎದುರಿಗಿದೆ. ಆಗ ಗಾಲಿಕುರ್ಚಿಯಲ್ಲಿರುವ ಹೋಟೆಲಿನ ಯಜಮಾನ ಟೆಂಪಲ್, 1935ರ ಹರಿಕೇನಿನ ಕತೆ ಶುರು ಮಾಡ್ತಾನೆ. ಎದ್ದ ಅಲೆ, ಕೊಚ್ಚಿಹೋದ ರೈಲು, ಮ್ಯಾಂಗ್ರೋವ್ ಗಿಡಗಳಲ್ಲಿ ಸಿಕ್ಕ ಹೆಣಗಳು. ರಾಕೊ ಕಿರುಚ್ತಾನೆ: ಸುಳ್ಳು, ಅಂಥದ್ದು ನಡೆದಿದ್ರೆ ಇಲ್ಲಿ ಯಾರೂ ಇರ್ತಿರಲಿಲ್ಲ!

ಇದು ಬಂದು ಹೋಗುವವನ ಮಾತು. ಇರೋರಿಗೆ ಅದು ಊರು.

ಟೆಂಪಲ್ ಹೇಳೋದು ಕಟ್ಟುಕತೆಯಲ್ಲ. 1935ರ ಸೆಪ್ಟೆಂಬರ್ 2ರಂದು ಬಂದ ಆ ಹರಿಕೇನಿನಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ 250ಕ್ಕೂ ಹೆಚ್ಚು ಮಂದಿ ಮೊದಲ ಮಹಾಯುದ್ಧದ ಸೈನಿಕರು. ಕೆಲಸವಿಲ್ಲದ ಅವರನ್ನು ಸರ್ಕಾರವೇ ರಸ್ತೆ-ಸೇತುವೆ ಕಟ್ಟಲು ಕಳಿಸಿ, ಸಮುದ್ರದ ಮಟ್ಟದಲ್ಲಿ ಗುಡಾರಗಳಲ್ಲೂ ಹಲಗೆಯ ಶೆಡ್ಡುಗಳಲ್ಲೂ ಇರಿಸಿತ್ತು. ಕರೆದೊಯ್ಯಲು ಬಂದ ರೈಲು ತಡವಾಗಿ ಬಂತು. ಎಂಜಿನ್ ಬಿಟ್ಟು ಬೋಗಿಗಳೆಲ್ಲ ಹಳಿ ತಪ್ಪಿ ಬಿದ್ದವು. ಕೀ ವೆಸ್ಟ್‌ನಲ್ಲಿದ್ದ ಹೆಮಿಂಗ್ವೇ ಅಲ್ಲಿಗೆ ಹೋಗಿ ಹೆಣಗಳನ್ನು ಕಂಡು ಬಂದು, 'ನ್ಯೂ ಮಾಸಸ್' ಪತ್ರಿಕೆಯಲ್ಲಿ ಸಿಟ್ಟಿನ ಲೇಖನ ಬರೆದ. ದುಡ್ಡಿದ್ದವರು ಆ ತಿಂಗಳುಗಳಲ್ಲಿ ಕೀಸ್ ಕಡೆ ತಲೆ ಹಾಕಲ್ಲ, ಅವರ ಆಸ್ತಿಗೆ ಅಪಾಯ. ಹಾಗಿದ್ರೆ ಈ ಸೈನಿಕರನ್ನು ಅಲ್ಲಿ ಬಿಟ್ಟವರು ಯಾರು ಅನ್ನೋದು ಅವನ ಪ್ರಶ್ನೆ. ನನ್ನ ಗೆಳತಿಯ ಜಾಹೀರಾತಿನ ಹಿಂದಿರೋ ಲೆಕ್ಕವೂ ಹೆಚ್ಚುಕಮ್ಮಿ ಇದೇ. ಫ್ರಾಂಕ್ ಕೂಡ ಸೈನಿಕನೇ ಅಲ್ವಾ? ಈ ಎಳೆಯನ್ನು ಹ್ಯೂಸ್ಟನ್ ಎಳೆಯಲೇ ಇಲ್ಲ ಅನ್ನೋದು ನನ್ನ ಮೊದಲ ತಕರಾರು.

ಎರಡನೆಯದು ದೊಡ್ಡದು. ಬಿರುಗಾಳಿ ಬಂದಾಗಲೆಲ್ಲ ಆಸುಪಾಸಿನ ಸೆಮಿನೋಲ್ ಬುಡಕಟ್ಟಿನವರು ಟೆಂಪಲ್‌ನ ಹೋಟೆಲಿಗೆ ಬರೋದು ವಾಡಿಕೆ. ಈ ಸಲವೂ ಮಕ್ಕಳು ಮುದುಕರ ಸಮೇತ ಬಂದಿದ್ದಾರೆ. ಗ್ಯಾಂಗು ಬಾಗಿಲು ತೆಗೆಯಲ್ಲ. ಅವರು ಹೊರಗಿನ ಜಗಲಿಯಲ್ಲಿ, ನಾವು ಒಳಗೆ, ಯಾರು ಯಾರಿಗೆ ಗುಂಡು ಹೊಡೀತಾರೆ ಅಂತ ನೋಡ್ತಾ. ಬಿರುಗಾಳಿ ನಿಂತ ಮೇಲೆ, ರಾಕೊ ಹೇಳಿದ ಸುಳ್ಳನ್ನು ನಂಬಿ ಶೆರಿಫ್ ಇಬ್ಬರು ಸೆಮಿನೋಲ್ ಅಣ್ಣತಮ್ಮಂದಿರನ್ನು ಕೊಲ್ತಾನೆ. ಚಿತ್ರ ಇದನ್ನು ರಾಕೊನ ಪಾಪದ ಲೆಕ್ಕಕ್ಕೆ ಸೇರಿಸಿ ದೋಣಿ ಹತ್ತಿಬಿಡುತ್ತೆ. ಮುಚ್ಚಿದ ಬಾಗಿಲಿನ ಎರಡೂ ಕಡೆಯನ್ನು ತೋರಿಸಬಲ್ಲ ನಿರ್ದೇಶಕ, ಒಂದು ಕಡೆಯವರಿಗೆ ಮಾತೇ ಕೊಡಲಿಲ್ಲ ಅನ್ನಿಸಿತು.

ಹಳೇ ಸಿನಿಮಾ, ಬಿಡಿ ಅನ್ನಬಹುದು. 2017ರ ಸೆಪ್ಟೆಂಬರ್ 10ರಂದು ಇರ್ಮಾ ಕೀಸ್‌ಗೆ ಅಪ್ಪಳಿಸಿದಾಗ ಲೋಕಕ್ಕೆಲ್ಲ ಮುಟ್ಟಿದ ಕತೆ ಯಾವುದು? ಕೀ ವೆಸ್ಟ್‌ನ ಹೆಮಿಂಗ್ವೇ ಮನೆಯದು. ಊರು ಬಿಡಿ ಅನ್ನೋ ಆದೇಶ ಇದ್ದರೂ 10 ಸಿಬ್ಬಂದಿ 54 ಬೆಕ್ಕುಗಳ ಜೊತೆ ಅಲ್ಲೇ ಉಳಿದರು. 1851ರಲ್ಲಿ ಕಟ್ಟಿದ ಮನೆ, ಒಂದೂವರೆ ಅಡಿ ದಪ್ಪದ ಸುಣ್ಣಕಲ್ಲಿನ ಗೋಡೆ, ಎಲ್ಲರೂ ಕ್ಷೇಮ. ನಾನೂ ಬೆಕ್ಕಿನ ಫೋಟೋಗೆ ಲೈಕ್ ಒತ್ತಿದವನೇ. ಅದೇ ದ್ವೀಪಸಾಲಿನಲ್ಲಿ ಟ್ರೇಲರ್ ಮನೆಗಳು ಚೂರುಚೂರಾಗಿದ್ದವು. ಟೂರಿಸ್ಟುಗಳ ರೂಮು ಗುಡಿಸಿ, ತಟ್ಟೆ ತೊಳೆಯೋ ಎಷ್ಟೋ ಜನರ ಸೂರು ಅಂಥ ಟ್ರೇಲರುಗಳೇ. ಅದನ್ನು ನಾನು ಓದಿದ್ದು ಬಹಳ ತಡವಾಗಿ.

ಚಿತ್ರದ ಕೊನೆಯಲ್ಲಿ ಫ್ರಾಂಕ್ ಬದುಕಿದ್ದಾನೆ ಅಂತ ಸುದ್ದಿ ಬರುತ್ತೆ. ನೋರಾ (ಲಾರೆನ್ ಬಕಾಲ್) ಕಿಟಕಿ ತೆಗೀತಾಳೆ, ಬಿಸಿಲು ಒಳಗೆ ನುಗ್ಗುತ್ತೆ. ಚೆಂದದ ಶಾಟ್.

ಗೆಳತಿ ಆ ವಾರಾಂತ್ಯ ಸಿನಿಮಾ ನೋಡಿದಳು. ಮನೆಯ ವಿಚಾರ ಏನಾಯ್ತೋ ಹೇಳಲಿಲ್ಲ. ಬಂದಿದ್ದು ಒಂದೇ ಮೆಸೇಜು: "ಜಗಲಿ ಮೇಲಿದ್ದಳಲ್ಲ ಆ ಅಜ್ಜಿ, ಅವಳು ಏನಾದ್ಲೋ?" ನನಗೂ ನೆನಪಾಗಲಿಲ್ಲ. ಮತ್ತೆ ಹಾಕಿ ನೋಡಬೇಕು.