ಪೆನ್ನಿ ಪತ್ರಿಕೆಯ ಪ್ರೇಮಕಥೆ: ಜಾನಪದದ ನೆಲೆಯಿಂದ ಒಂದು ಮರುಓದು

‘ಫೋಕ್‌ಲೋರ್’ ಎಂಬ ಪದವನ್ನು ವಿಲಿಯಂ ಥಾಮ್ಸ್ ಸೂಚಿಸಿದ್ದು 1846ರ ಆಗಸ್ಟ್ ತಿಂಗಳಲ್ಲಿ, ಲಂಡನ್ನಿನ ‘ಅಥೀನಿಯಂ’ ವಾರಪತ್ರಿಕೆಗೆ ಬರೆದ ಪತ್ರವೊಂದರಲ್ಲಿ. ಜಾನಪದದ ವಿದ್ಯಾರ್ಥಿಗಳೆಲ್ಲ ಪರೀಕ್ಷೆಗೆಂದು ಕಂಠಪಾಠ ಮಾಡಿರುವ ಸಂಗತಿ ಇದು. ಅದರ ಹಿಂದಿನ ವರ್ಷ, ಅದೇ ನಗರದಲ್ಲಿ, ‘ಲಂಡನ್ ಜರ್ನಲ್’ ಎಂಬ ಒಂದು ಪೆನ್ನಿ ಬೆಲೆಯ ಕಥಾವಾರಪತ್ರಿಕೆ ಹುಟ್ಟಿತೆಂಬುದನ್ನು ಮಾತ್ರ ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಅಳಿದುಹೋಗುತ್ತಿರುವ ಹಳ್ಳಿಯ ಹಾಡು, ಕಥೆ, ನಂಬಿಕೆಗಳನ್ನು ಉಳಿಸಿಕೊಳ್ಳಬೇಕೆಂಬ ಕಾಳಜಿಯಿಂದ ನಮ್ಮ ಶಿಸ್ತು ಹುಟ್ಟಿತು. ಆ ಹಾಡುಗಾರರ, ಕಥೆಗಾರರ ಮೊಮ್ಮಕ್ಕಳು ಆ ವೇಳೆಗಾಗಲೇ ನಗರ ಸೇರಿ, ಗಿರಣಿಗಳಲ್ಲಿಯೂ ಸಿರಿವಂತರ ಮನೆಗಳ ಅಡುಗೆಕೋಣೆಗಳಲ್ಲಿಯೂ ದುಡಿಯುತ್ತ, ವಾರಕ್ಕೊಂದು ಪೆನ್ನಿ ತೆತ್ತು ಕಥೆ ಓದುತ್ತಿದ್ದರು. ಓದಲು ಬಾರದವರು ಓದಿಸಿ ಕೇಳುತ್ತಿದ್ದರು. ಅವರು ಏನು ಓದುತ್ತಿದ್ದರೆಂದು ಯಾವ ಸಂಗ್ರಾಹಕನೂ ಕೇಳಲಿಲ್ಲ. ಆ ಕೇಳದೆ ಉಳಿದ ಪ್ರಶ್ನೆಯೇ ಪ್ರಸ್ತುತ ಲೇಖನದ ವಸ್ತು.

ಮೊದಲಿಗೆ ಬೆಲೆಯ ವಿಚಾರ. ವಿಕ್ಟೋರಿಯನ್ ಕಾಲದ ‘ಗೌರವಾನ್ವಿತ’ ಕಾದಂಬರಿ ಮೂರು ಸಂಪುಟಗಳಲ್ಲಿ ಹೊರಬರುತ್ತಿತ್ತು. ಬೆಲೆ ಮೂವತ್ತೊಂದು ಷಿಲಿಂಗ್ ಆರು ಪೆನ್ನಿ, ಅಂದರೆ 378 ಪೆನ್ನಿ. ಆ ಹಣದಲ್ಲಿ ‘ಫ್ಯಾಮಿಲಿ ಹೆರಾಲ್ಡ್’ ಪತ್ರಿಕೆಯನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಕೊಳ್ಳಬಹುದಿತ್ತು. ಮಧ್ಯಮ ವರ್ಗದವರು ಇಂಥ ಕಾದಂಬರಿಗಳನ್ನು ಮ್ಯೂಡಿಯ ಗ್ರಂಥಾಲಯದಿಂದ ಎರವಲು ತಂದು ಓದುತ್ತಿದ್ದರು; ಅದರ ವಾರ್ಷಿಕ ಚಂದಾ ಒಂದು ಗಿನಿ. ಮನೆಗೆಲಸದ ಹುಡುಗಿಗೆ ಅದೂ ನಿಲುಕದ್ದು. 1855ರಲ್ಲಿ ಸುದ್ದಿಪತ್ರಿಕೆಗಳ ಮೇಲಿನ ಮುದ್ರಾಂಕ ಸುಂಕವೂ 1861ರಲ್ಲಿ ಕಾಗದದ ಮೇಲಿನ ಸುಂಕವೂ ರದ್ದಾದ ಮೇಲೆ ಅಗ್ಗದ ಅಚ್ಚು ಇನ್ನಷ್ಟು ಹಬ್ಬಿತು.

ಈ ಓದುಗರನ್ನು ವಿದ್ಯಾವಂತ ಲೋಕ ‘ಕಂಡುಹಿಡಿದ’ ಬಗೆ ಸ್ವಾರಸ್ಯಕರವಾಗಿದೆ. ವಿಲ್ಕಿ ಕಾಲಿನ್ಸ್ 1858ರಲ್ಲಿ, ಡಿಕನ್ಸ್ ಸಂಪಾದಿಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ಪತ್ರಿಕೆಯಲ್ಲಿ ‘ದಿ ಅನ್‌ನೋನ್ ಪಬ್ಲಿಕ್’ ಎಂಬ ಲೇಖನ ಬರೆದು, ಪೆನ್ನಿ ಪತ್ರಿಕೆಗಳ ಓದುಗರ ಸಂಖ್ಯೆ ಮೂವತ್ತು ಲಕ್ಷವಿರಬಹುದೆಂದು ಅಂದಾಜು ಮಾಡಿದ. ಅಪರಿಚಿತ ದ್ವೀಪದ ಜನರನ್ನು ಕಂಡ ಪ್ರವಾಸಿಯ ಬೆರಗೂ ತಾತ್ಸಾರವೂ ಅವನ ಬರಹದಲ್ಲಿ ಬೆರೆತಿವೆ. ಈ ಓದುಗರಿಗೆ ಇನ್ನೂ ಓದಲು ಕಲಿಸಬೇಕಾಗಿದೆ ಎಂಬುದು ಅವನ ನಿಲುವು. ಕಾಲಿನ್ಸ್ ಸ್ವತಃ ರೋಚಕ ಕಥನದ ಕುಶಲಿ. 1859–60ರಲ್ಲಿ ಬಂದ ಅವನ ‘ದಿ ವುಮನ್ ಇನ್ ವೈಟ್’ ಬಳಸುವ ರಹಸ್ಯ, ಬಚ್ಚಿಟ್ಟ ಗುರುತು, ಅದಲುಬದಲು ಮುಂತಾದ ಆಶಯಗಳು ಪೆನ್ನಿ ಪತ್ರಿಕೆಗಳಿಗೆ ಹೊಸವೇನಲ್ಲ. ತನ್ನ ನೆಂಟರನ್ನೇ ಅವನು ಗುರುತಿಸಲಿಲ್ಲವೆಂದು ಹೇಳಬೇಕಾಗುತ್ತದೆ.

ಅದೇ ಹೊತ್ತಿಗೆ ನಡೆದ ಒಂದು ಪ್ರಯೋಗ ಈ ತಾತ್ಸಾರಕ್ಕೆ ಉತ್ತರದಂತಿದೆ. ‘ಲಂಡನ್ ಜರ್ನಲ್’ ಕೈಬದಲಾಗಿ, ‘ಪಂಚ್’ ಪತ್ರಿಕೆಯ ಸಂಪಾದಕ ಮಾರ್ಕ್ ಲೆಮನ್ ಅದರ ಹೊಣೆ ಹೊತ್ತನು. ಓದುಗರ ಅಭಿರುಚಿಯನ್ನು ಎತ್ತರಿಸುವ ಸದುದ್ದೇಶದಿಂದ, ಎಂದಿನ ಧಾರಾವಾಹಿಗಳ ಜಾಗದಲ್ಲಿ ಸರ್ ವಾಲ್ಟರ್ ಸ್ಕಾಟನ ಕಾದಂಬರಿಗಳನ್ನು ಅಚ್ಚುಹಾಕತೊಡಗಿದನು. ಪ್ರಸಾರ ಕುಸಿಯಿತು, ಹಳೆಯ ಒಡೆಯ ಜಾರ್ಜ್ ಸ್ಟಿಫ್ ಪತ್ರಿಕೆಯನ್ನು ಮರಳಿ ಕೊಂಡು ಹಳೆಯ ದಾರಿಗೇ ತಂದನು. ಸಾಹಿತ್ಯ ಚರಿತ್ರೆಕಾರರು ಇದನ್ನು ಕೀಳು ಅಭಿರುಚಿಯ ಗೆಲುವೆಂದು ಓದುವುದುಂಟು. ಜಾನಪದ ವಿದ್ಯಾರ್ಥಿಗೆ ಇಲ್ಲಿ ಬೇರೊಂದು ವ್ಯಂಗ್ಯ ಕಾಣುತ್ತದೆ. ಸ್ಕಾಟ್ ಗಡಿನಾಡಿನ ಲಾವಣಿಗಳನ್ನು ಕಲೆಹಾಕಿ 1802–03ರಲ್ಲಿ ಪ್ರಕಟಿಸಿದ ಸಂಗ್ರಾಹಕ; ಜನರ ಬಾಯಿಂದ ಎತ್ತಿಕೊಂಡ ಕಥನದ ಕಸುವು ಅವನ ಕಾದಂಬರಿಗಳಲ್ಲಿದೆ. ಆದರೆ ಅದನ್ನು ‘ನಿಮ್ಮ ಒಳ್ಳೆಯದಕ್ಕೆ’ ಎಂದು ಮೇಲಿನಿಂದ ಬಡಿಸಿದಾಗ ಜನ ಎಲೆ ಬಿಟ್ಟು ಎದ್ದರು. ಹಾಡುಗಾರನ ಮುಂದಿನಿಂದ ಕೇಳುಗರು ಎದ್ದುಹೋಗುವುದಕ್ಕೂ ಪೆನ್ನಿ ಕೊಡದೆ ಇರುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಈ ಪತ್ರಿಕೆಗಳಲ್ಲಿ ನನಗೆ ಕಥೆಗಳಷ್ಟೇ ಮುಖ್ಯವಾಗಿ ತೋರುವುದು ‘ಓದುಗರಿಗೆ ಉತ್ತರ’ ಎಂಬ ಅಂಕಣ. ಓದುಗರ ಪತ್ರಗಳನ್ನು ಅಲ್ಲಿ ಸಾಮಾನ್ಯವಾಗಿ ಅಚ್ಚುಹಾಕುತ್ತಿರಲಿಲ್ಲ. ಸಂಪಾದಕನ ಉತ್ತರವಷ್ಟೇ ಇರುತ್ತಿತ್ತು. ಮದುವೆಯ ಕಾನೂನು, ಮುಖದ ಕಾಂತಿ, ಕೈಬರಹ, ಸಭ್ಯರ ನಡುವೆ ನಡೆದುಕೊಳ್ಳುವ ರೀತಿ ಇವೆಲ್ಲಕ್ಕೂ ಉತ್ತರಗಳಿವೆ. ಪ್ರಶ್ನೆಯನ್ನು ನಾವೇ ಊಹಿಸಿಕೊಳ್ಳಬೇಕು. ಒಗಟನ್ನು ಬಿಟ್ಟು ಬಿಡಿಸಿದ ಅರ್ಥವನ್ನಷ್ಟೇ ಹೇಳಿದಂತೆ. ಕಾಲಿನ್ಸ್ ಈ ಅಂಕಣವನ್ನು ಓದುಗರ ಅಜ್ಞಾನದ ಪ್ರದರ್ಶನವೆಂದು ನಕ್ಕನು. ಆದರೆ ಊರನ್ನೂ ಅತ್ತೆ, ಅಜ್ಜಿಯರನ್ನೂ ಬಿಟ್ಟುಬಂದ ಹುಡುಗಿ ಇಂಥದನ್ನು ಮತ್ತೆ ಯಾರನ್ನು ಕೇಳಬೇಕಿತ್ತು? ಹಿಂದೆ ಹಿರಿಯ ಹೆಂಗಸರು ವಹಿಸಿದ್ದ ಪಾತ್ರವನ್ನು ಇಲ್ಲಿ ಪತ್ರಿಕೆ ವಹಿಸುತ್ತಿದೆ. ಕಥೆ ಮತ್ತು ಬುದ್ಧಿಮಾತು ಒಂದೇ ಹಾಳೆಯಲ್ಲಿ ಸಿಗುವುದು ಆಕಸ್ಮಿಕವಲ್ಲ.

ಇನ್ನು ಕಥೆಯೊಂದನ್ನು ನೋಡೋಣ. ಷಾರ್ಲೆಟ್ ಬ್ರೇಮ್ (1836–1884) ‘ಫ್ಯಾಮಿಲಿ ಹೆರಾಲ್ಡ್’ಗಾಗಿ ಬರೆದ ‘ಡೋರಾ ಥಾರ್ನ್’ ಆ ಕಾಲದ ಅತ್ಯಂತ ಜನಪ್ರಿಯ ಪ್ರೇಮಕಥೆಗಳಲ್ಲಿ ಒಂದು. ಬಂಗಲೆಯ ಹೆಬ್ಬಾಗಿಲು ಕಾಯುವವನ ಮಗಳು ಡೋರಾಳನ್ನು ಶ್ರೀಮಂತ ಮನೆತನದ ಉತ್ತರಾಧಿಕಾರಿ ರೊನಾಲ್ಡ್ ಮದುವೆಯಾಗುತ್ತಾನೆ. ‘ಬಡ ಹುಡುಗಿ, ರಾಜಕುಮಾರ’ ವರ್ಗದ ಕಥೆ ಇದೆಂದು ಸೂಚಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ವರ್ಗದ ಪರಿಚಿತ ಕಥೆಗಳು ಮದುವೆಯಲ್ಲಿ ಮುಗಿಯುತ್ತವೆ. ಬ್ರೇಮ್‌ಳ ಕಥೆ ಮದುವೆಯಿಂದಲೇ ಬಿಗಿಗೊಳ್ಳುತ್ತದೆ. ತಂದೆಯ ಕೋಪ, ಪರದೇಶದ ವಾಸ, ಗಂಡನ ದೊಡ್ಡ ಜನರ ನಡುವೆ ಡೋರಾಳ ಕೀಳರಿಮೆ, ಅನುಮಾನ, ಅಗಲಿಕೆ. ಕಡೆಗೆ ಅವಳ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳ ದುರ್ಮರಣ.

ಇಲ್ಲಿ ಎ.ಕೆ. ರಾಮಾನುಜನ್ ಅವರ ಒಂದು ಒಳನೋಟ ನೆರವಿಗೆ ಬರುತ್ತದೆ. ಕನ್ನಡದ ‘ಹೂವಾಗುವ ಹುಡುಗಿ’ಯ ಕಥೆಯನ್ನು ಚರ್ಚಿಸುವಾಗ ಅವರು, ಹೆಣ್ಣು ಕೇಂದ್ರವಾಗಿರುವ ಕಥೆಗಳಲ್ಲಿ ಮದುವೆ ಕೊನೆಯಲ್ಲ, ಸಂಕಟದ ಮೊದಲು ಎಂಬುದನ್ನು ತೋರಿಸಿದ್ದಾರೆ. ಅರಸುಕುಮಾರನನ್ನು ವರಿಸಿದ ಬಡ ಹುಡುಗಿ ಗಂಡನ ತಂಗಿಯ ಅಜಾಗರೂಕತೆಯಿಂದ ಕೈಕಾಲು ಮುರಿದ ಮೊಂಡಾಗುತ್ತಾಳೆ. ಡೋರಾ ಮುರಿಯುವುದು ಬೇರೆ ರೀತಿಯಲ್ಲಿ. ಗಂಡನೂ ಕುಲೀನ ಹೆಣ್ಣೊಬ್ಬಳೂ ಆಡುವ ಮಾತನ್ನು ಅವಳು ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ; ಆ ‘ನೀಚತನ’ಕ್ಕಾಗಿ ರೊನಾಲ್ಡ್ ಅವಳನ್ನು ತೊರೆಯುತ್ತಾನೆ. ಗಂಡಿನ ಆತುರದ ಮದುವೆಗಿಂತ ಹೆಣ್ಣಿನ ಕದ್ದು ಕೇಳುವಿಕೆ ಕಥೆಯ ನ್ಯಾಯದಲ್ಲಿ ದೊಡ್ಡ ಅಪರಾಧವಾಗುತ್ತದೆ. ಈ ದೋಷವನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ಕಥೆಯಲ್ಲಿ ಕೊಂಬೆ ಮುರಿದವರ ತಪ್ಪು ಯಾರದೆಂಬ ಬಗ್ಗೆ ಹೇಳುವವಳಿಗೂ ಕೇಳುವವಳಿಗೂ ಸಂದೇಹವಿಲ್ಲ. ಪೆನ್ನಿ ಕಥೆ ಬಡ ಹೆಣ್ಣಿನ ಪಾಡನ್ನು ಅಷ್ಟೇ ಸೂಕ್ಷ್ಮವಾಗಿ ಬಲ್ಲದು, ಆದರೆ ತೀರ್ಪನ್ನು ಬಂಗಲೆಯ ಕಡೆಯಿಂದ ಕೊಡುತ್ತದೆ. ಓದಿದ ಹುಡುಗಿಯರೆಲ್ಲ ಆ ತೀರ್ಪನ್ನು ಒಪ್ಪಿಕೊಂಡರೆಂದು ಭಾವಿಸಲು ನಾನು ಸಿದ್ಧನಿಲ್ಲ.

ಸೂತ್ರಬದ್ಧತೆ ಈ ಕಥೆಗಳ ಮೇಲಿನ ಹಳೆಯ ಆರೋಪ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಅಧ್ಯಯನಗಳ ಅನಂತರ ಮೌಖಿಕ ಮಹಾಕಾವ್ಯದ ಸೂತ್ರಗಳನ್ನು ನಾವು ಪ್ರತಿಭೆಯ ಲಕ್ಷಣವೆಂದು ಮೆಚ್ಚುತ್ತೇವೆ. ಅಚ್ಚಿನಲ್ಲಿ ಬಂದ ಸೂತ್ರವನ್ನು ಮಾತ್ರ ಪ್ರತಿಭೆಯ ಅಭಾವವೆನ್ನುತ್ತೇವೆ. ಇದು ಇಬ್ಬಗೆಯ ನೀತಿ. ನಮ್ಮಲ್ಲಿಯೂ ಹೆಂಗಸರ ಧಾರಾವಾಹಿಗಳನ್ನು ‘ಅಡುಗೆಮನೆ ಸಾಹಿತ್ಯ’ವೆಂದು ಹಳಿದವರೇ ಬೀಸುವಕಲ್ಲಿನ ಪದಗಳ ಮುಂದೆ ಕೈಮುಗಿದದ್ದುಂಟು.

ಹಾಗೆಂದು ಪೆನ್ನಿ ಪತ್ರಿಕೆಯನ್ನು ‘ನಗರದ ಜಾನಪದ’ ಎಂದು ಕರೆದುಬಿಟ್ಟರೆ ಇನ್ನೊಂದು ತಪ್ಪಾಗುತ್ತದೆ. ಬ್ರೇಮ್‌ಳ ಬದುಕೇ ಅದಕ್ಕೆ ಸಾಕ್ಷಿ. ಗಂಡನ ವ್ಯಾಪಾರ ಕೈಹತ್ತದೆ, ಸಂಸಾರದ ಭಾರ ಅವಳ ಲೇಖನಿಯ ಮೇಲೆ ಬಿತ್ತು. ‘ಫ್ಯಾಮಿಲಿ ಹೆರಾಲ್ಡ್’ನಲ್ಲಿ ಅವಳ ಕಥೆಗಳು ಹೆಸರಿಲ್ಲದೆ, ‘ಡೋರಾ ಥಾರ್ನ್ ಬರೆದವರಿಂದ’ ಎಂಬ ಒಕ್ಕಣೆಯೊಂದಿಗೆ ಬರುತ್ತಿದ್ದವು. ಅಮೆರಿಕದ ಪ್ರಕಾಶಕರು ಅವುಗಳನ್ನು ಎತ್ತಿಕೊಂಡು ಧಾರಾಳವಾಗಿ ಮರುಮುದ್ರಿಸಿದರು. ವಿದೇಶಿ ಲೇಖಕರ ಹಕ್ಕನ್ನು ಅಮೆರಿಕದ ಕಾನೂನು ಮಾನ್ಯಮಾಡಿದ್ದು 1891ರಲ್ಲಿ, ಅವಳು ತೀರಿಕೊಂಡು ಏಳು ವರ್ಷಗಳಾದ ಮೇಲೆ. ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆ ಅವಳ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ‘ಬರ್ತಾ ಎಂ. ಕ್ಲೇ’ ಎಂಬ ಹೆಸರಿನಲ್ಲಿ ಅವಳ ಕಥೆಗಳನ್ನು ಮಾರಿತು. ಬ್ರೇಮ್ ಸತ್ತ ಮೇಲೂ ಬರ್ತಾ ಕ್ಲೇ ಸಾಯಲಿಲ್ಲ. ‘ನಿಕ್ ಕಾರ್ಟರ್’ ಪತ್ತೇದಾರಿ ಕಥೆಗಳ ಜನಕ ಜಾನ್ ಕೊರಿಯೆಲ್ ಸೇರಿದಂತೆ ಸಂಸ್ಥೆಯ ಕೂಲಿ ಲೇಖಕರು ಆ ಹೆಸರಿನಲ್ಲಿ ಬರೆಯುತ್ತ ಹೋದರು.

ಸರ್ವಜ್ಞನ ಅಂಕಿತದಲ್ಲಿರುವ ತ್ರಿಪದಿಗಳಲ್ಲಿ ಅವನವು ಯಾವುವು, ಅನಂತರದವು ಯಾವುವು ಎಂದು ಬಿಡಿಸುವ ಕಷ್ಟವನ್ನು ಬಲ್ಲ ನಮಗೆ ಇದು ಪರಿಚಿತವೆನಿಸುತ್ತದೆ. ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಸರ್ವಜ್ಞನ ಅಂಕಿತಕ್ಕೆ ಪದ್ಯ ಸೇರಿಸಿದವರು ಹೆಸರನ್ನು ಬಿಟ್ಟುಕೊಟ್ಟದ್ದು ಪರಂಪರೆಗೆ. ಕೊರಿಯೆಲ್ ಬಿಟ್ಟುಕೊಟ್ಟದ್ದು ಮಾಲೀಕನಿಗೆ, ವಾರದ ಗಡುವಿಗೆ. ಅಜ್ಞಾತ ಕರ್ತೃತ್ವವೆಂಬ ಮಾತನ್ನು ನಾವು ಎಲ್ಲ ಕಡೆಯೂ ಒಂದೇ ಅರ್ಥದಲ್ಲಿ, ತುಸು ಭಕ್ತಿಯಿಂದಲೇ ಬಳಸುತ್ತ ಬಂದಿದ್ದೇವೆ. ಬರ್ತಾ ಕ್ಲೇ ಹೆಸರಿನ ಕಥೆಗಳಲ್ಲಿ ಬ್ರೇಮ್‌ಳವನ್ನು ಬೇರ್ಪಡಿಸುವ ಕೆಲಸಕ್ಕೆ ವಿದ್ವಾಂಸರು ತೊಡಗಿದ್ದು ಬಹಳ ತಡವಾಗಿ. ಅವರು ಮೊದಲು ತಿರುವಿಹಾಕಬೇಕಾದದ್ದು ಹೆಸರೇ ಇಲ್ಲದ ‘ಫ್ಯಾಮಿಲಿ ಹೆರಾಲ್ಡ್’ ಹಾಳೆಗಳನ್ನು.